ಕೊಂಢವಾದ ಕಟ್ಟೆಯ ಮೇಲೊಂದು ಕಂಪನಿ

ಬೆಳಗಿನ ಆರು ಗಂಟೆ. ಪುಣೆಯ ಕೊಂಢವಾದ ಹಾರ್ಡ್‌ವೇರ್ ಅಂಗಡಿಯ ಷಟರ್ ಇನ್ನೂ ಎದ್ದಿಲ್ಲ. ಅದರ ಮುಂದಿನ ಕಟ್ಟೆಯ ಮೇಲೆ ಇಪ್ಪತ್ತನಾಲ್ಕು ಹೆಂಗಸರು ಸಾಲಾಗಿ ಕುಳಿತಿದ್ದಾರೆ. ಪ್ರತಿಯೊಬ್ಬಳ ಮುಂದೆಯೂ ಅವಳ ಮನೆಯಲ್ಲಿ ರಾತ್ರಿ ಕಳೆದು ಬಂದ ಸಾಮಾನು: ಬಕೆಟ್ಟು, ಗಾಜು ಕೆರೆಯುವ ಬ್ಲೇಡು, ಹಗ್ಗ, ಏಣಿ. ತನ್ನದನ್ನು ತಾನೇ ಪಾಸು ಮಾಡುವಂತಿಲ್ಲ. ಬಲಗಡೆ ಕುಳಿತವಳು ಎಳೆದು, ಬಗ್ಗಿಸಿ, ಬೇಕಾದರೆ ಬೈದು ನೋಡುತ್ತಾಳೆ. ಅವಳು "ಬ್ಯಾಡ" ಎಂದರೆ ಆ ಸಾಮಾನು ಅಂದು ಕೆಲಸಕ್ಕಿಲ್ಲ. ಇಪ್ಪತ್ತೇ ನಿಮಿಷ. ಯಾರು ಯಾವ ಕಟ್ಟಡಕ್ಕೆ ಎಂಬುದು ಗೊತ್ತಾಗಿ ಕಟ್ಟೆ ಖಾಲಿಯಾಗುತ್ತದೆ. ಶಿವಕಾಂತಾ ಅವರ ಕಟ್ಟಡ ತೊಳೆಯುವ ಕಂಪನಿ ಅಂದರೆ ಇಷ್ಟೇ, ಇದಕ್ಕೆ ಆಫೀಸಿಲ್ಲ.

ಇವತ್ತು ಒಬ್ಬರು ಹೆಚ್ಚಿಗೆ ಇದ್ದಾರೆ. ರಂಗೂಬಾಯಿಯ ಚಹಾ ಗಾಡಿಯ ಪಕ್ಕ, ಪಾಲಿಶ್ ಮಾಡಿದ ಬೂಟಿಗೆ ಕೆಸರು ತಾಗದಂತೆ ನಿಂತವರು ಸ್ವಪ್ನಿಲ್. ವಿಮಾನ ನಗರದಲ್ಲಿ ಈಗಷ್ಟೇ ಎದ್ದ ಏಳು ಅಂತಸ್ತಿನ ಗಾಜಿನ ಕಟ್ಟಡದ ಅಧಿಕಾರಿ. ಅದನ್ನು ತೊಳೆಯುವ ಗುತ್ತಿಗೆ ಸಿಕ್ಕರೆ ಈ ಕಟ್ಟೆಯ ಮೇಲಿನವರಿಗೆಲ್ಲ ವರ್ಷವಿಡೀ ಕೆಲಸ. ಆದರೆ ಅವರ ಫೈಲಿನಲ್ಲಿರುವ ಫಾರಂನಲ್ಲಿ 'ಕಚೇರಿಯ ವಿಳಾಸ' ಎಂಬ ಜಾಗ ಖಾಲಿ ಇದೆ. "ಆಫೀಸ್ ನಾಹೀ, ಮಗ ಕಂಪನಿ ಕಶೀ?" ಆಫೀಸೇ ಇಲ್ಲದ ಮೇಲೆ ಕಂಪನಿ ಹೇಗಾಯಿತು ಎಂದು ಅವರು ಮೊನ್ನೆ ಫೋನಿನಲ್ಲಿ ಕೇಳಿದ್ದರು. ಮುಂಜಾನೆ ಆರಕ್ಕೆ ಬಂದು ನೋಡಿ ಎಂದು ಶಿವಕಾಂತಾ ಮರಾಠಿಯಲ್ಲೇ ತಿರುಗಿಸಿ ಹೇಳಿದ್ದರು.

ಯಾವುದಾದರೂ ಅಂಗಡಿಗೆ ಒಂದು ದಿನದ ಮಟ್ಟಿಗೆ ಬೋರ್ಡು ತಗುಲಿಸು ಎಂದು ಉಪದೇಶ ಮಾಡಿದವರಿಗೇನೂ ಬರವಿರಲಿಲ್ಲ. "ಸುಳ್ಳು ಬೋರ್ಡ್ ನಾ ಹಚ್ಚಂಗಿಲ್ರಿ," ಅನ್ನುತ್ತಾರೆ ಶಿವಕಾಂತಾ. "ಕೆಲಸಾ ಖರೇ ಅದ, ಬೋರ್ಡ್ ಯಾಕ ಸುಳ್ಳ ಇರಬೇಕು?"

ಆಳಂದ ಕಡೆಯ ಹಳ್ಳಿಯಿಂದ ಅವರು ಗಂಡ ಭೀಮುವಿನ ಜೊತೆ ಪುಣೆಗೆ ಬಂದದ್ದು ೧೯೯೧ರಲ್ಲಿ. ಆರು ವರ್ಷ ಇಟ್ಟಿಗೆ ಹೊತ್ತರು. ಕಟ್ಟಡ ಮುಗಿದ ಮರುದಿನವೇ ಹೊತ್ತವರನ್ನು ಗೇಟಿನಾಚೆ ಅಟ್ಟುವುದು ಇಲ್ಲಿನ ರೂಢಿ. ಕಿಟಕಿಗೆ ಅಂಟಿದ ಸಿಮೆಂಟು, ನೆಲದ ಮೇಲಿನ ಬಣ್ಣ ತೆಗೆಯಲು ಬೇರೆಯವರು ಬರುತ್ತಿದ್ದರು. "ಹೊಲಸ ಮಾಡಿದವ್ರು ನಾವ ಅದೀವಿ, ತೊಳಿಯೋರೂ ನಾವ ಅಂತ ಬಿಲ್ಡರ್ ಮುಂದ ನಿಂತೆ. ನಕ್ಕ. ನಗಲಿ, ಕೆಲಸಾ ಕೊಟ್ಟ." ಅಂದು ಆರು ಜನ ಇದ್ದರು.

ಆಫೀಸಿಲ್ಲದ ಕಷ್ಟವನ್ನು ಅವರು ಮುಚ್ಚಿಡುವುದಿಲ್ಲ. ಬ್ಯಾಂಕಿನವರು ಎರಡು ಸಲ ವಾಪಸ್ ಕಳಿಸಿದ್ದಾರೆ. ಟಪಾಲು ರಂಗೂಬಾಯಿಯ ಗಾಡಿಗೆ ಬರುತ್ತದೆ. ಒಮ್ಮೆ ಒಂದು ಪತ್ರ ಚಹಾಪುಡಿಯ ಡಬ್ಬಿಯ ಅಡಿಯಲ್ಲಿ ಹದಿನೈದು ದಿನ ಉಳಿದು ದೊಡ್ಡ ಕೆಲಸವೇ ಕೈತಪ್ಪಿತು. ಒಂಬತ್ತು ಗಂಟೆಯೊಳಗೆ ಬರುವ ಹದಿನೆಂಟು ಇಪ್ಪತ್ತು ಫೋನುಗಳಿಗೆ ರಿಕ್ಷಾಗಳ ಗದ್ದಲದಲ್ಲಿ ನಿಂತೇ ಉತ್ತರಿಸಬೇಕು. ರಬ್ಬರ್ ಸ್ಟಾಂಪು, ರಸೀದಿ ಪುಸ್ತಕ, ರೊಟ್ಟಿ ಎಲ್ಲ ಒಂದೇ ಕೈಚೀಲದಲ್ಲಿ. ಮಳೆ ಬಂತೆಂದರೆ ಇಡೀ ಕಂಪನಿ ತೊಯ್ದು ತೊಪ್ಪೆ.

ಹಾಗಂತ ಆಫೀಸು ಮಾಡಿಯೇ ಇಲ್ಲವೆಂದಲ್ಲ. ೨೦೦೨ರಲ್ಲಿ ನಾಲ್ಕು ತಿಂಗಳು ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಮೇಜು, ಕುರ್ಚಿ, ಬಾಗಿಲ ಮೇಲೆ ಹೆಸರು. ಸಾಮಾನೆಲ್ಲ ಮೂಲೆಯ ರಾಶಿಗೆ ಸೇರಿತು. ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಾಚೆಯೇ ನಿಲ್ಲತೊಡಗಿದರು. 'ಅಕ್ಕಾ' ಹೋಗಿ 'ಮೇಡಮ್' ಬಂತು. ಏಣಿಯ ಒಂದು ಮೆಟ್ಟಿಲು ಅಲುಗಾಡುವುದು ಮೂವರಿಗೆ ಗೊತ್ತಿತ್ತು. ಒಳಗೆ ಕುಳಿತವರಿಗೆ ತಿಳಿದೇ ಇರುತ್ತದೆ ಎಂದುಕೊಂಡು ಮೂವರೂ ಸುಮ್ಮನಾದರು. ಆ ಏಣಿಯಿಂದ ಬಿದ್ದವಳು ಪಾರವ್ವ. ಅವಳ ಎಡ ಮೊಣಕೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

"ಕುರ್ಚಿ ಮ್ಯಾಲ ಕುಂತ ಮ್ಯಾಲ ನನಗ ಏಣಿ ಕಾಣ್ಲಿಲ್ರಿ," ಎನ್ನುವಾಗ ಶಿವಕಾಂತಾ ಅವರ ದನಿ ಇಳಿಯುತ್ತದೆ. ಆ ನೋವು ಇನ್ನೂ ಆರಿಲ್ಲ. ಪಾರವ್ವ ದವಾಖಾನೆಯಿಂದ ಬರುವಷ್ಟರಲ್ಲಿ ಅವರು ಕೋಣೆಯ ಕೀಲಿಕೈ ವಾಪಸ್ ಕೊಟ್ಟಿದ್ದರು. ಬಲಗಡೆಯವಳು ನೋಡುವ ಪದ್ಧತಿ ಶುರುವಾದದ್ದು ಮರುದಿನವೇ.

ಇವತ್ತು ಶಿವಕಾಂತಾ ಅವರ ಬಲಗಡೆ ಕುಳಿತಿರುವುದು ಅದೇ ಪಾರವ್ವ. ಯಜಮಾನಿಯ ಹಗ್ಗವನ್ನು ಕಾಲಡಿ ಒತ್ತಿ, ಬಲಗೈಯಿಂದ ಜಗ್ಗುತ್ತಾಳೆ. ಒಂದು ಕಡೆ ಎಳೆ ಬಿಟ್ಟಿದೆ. "ಇದು ಬ್ಯಾಡ. ಕಣ್ಣ ಎಲ್ಲಿ ಇಟ್ಟಿದ್ದಿ ಅಕ್ಕಾ? ಸಾಯಾಕ ಹೊಂಟೀಯೇನು?" ಹಗ್ಗ ರಸ್ತೆಗೆ ಬೀಳುತ್ತದೆ, ಸರಿಯಾಗಿ ಸ್ವಪ್ನಿಲ್ ಅವರ ಬೂಟಿನ ಮುಂದೆ. ಅಧಿಕಾರಿಯ ಎದುರೇ ಮರ್ಯಾದೆ ಹೋಯಿತು, ಗುತ್ತಿಗೆಯೂ ಹೋಯಿತು ಎಂದು ರಂಗೂಬಾಯಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ಶಿವಕಾಂತಾ ಮಾತ್ರ ಎದೆಯುಬ್ಬಿಸಿ ನಗುತ್ತಾರೆ. ಇದೇ ನನ್ನ ಆಫೀಸು ಎಂದು ಮರಾಠಿಯಲ್ಲಿ ಹೇಳಿ, ಫಾರಂ ತೋರಿಸಿ, ಕಂಡದ್ದನ್ನೇ ಬರೆಯಿರಿ ಎನ್ನುತ್ತಾರೆ. ಸ್ವಪ್ನಿಲ್ ಬಗ್ಗಿ ಹಗ್ಗವನ್ನು ಎತ್ತಿ ನೋಡಿ, ಪೆನ್ನು ತೆಗೆದು ಬರೆಯುತ್ತಾರೆ: ಹಾರ್ಡ್‌ವೇರ್ ಅಂಗಡಿಯ ಕಟ್ಟೆ, ಕೊಂಢವಾ, ಬೆಳಿಗ್ಗೆ ಆರರಿಂದ ಆರು ಇಪ್ಪತ್ತು.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ರಂಗೂಬಾಯಿಯ ಗಾಡಿಗೆ ಉತ್ತರ ಬಂದಿದೆ. ವರ್ಷಕ್ಕಲ್ಲ, ಆರು ತಿಂಗಳಿಗೆ ಒಪ್ಪಿಗೆ. ಕೆಲಸ ನೋಡಿ ಮುಂದಿನ ಮಾತು. ಈ ಸಲ ಪತ್ರ ಡಬ್ಬಿಯ ಅಡಿಗೆ ಹೋಗಿಲ್ಲ. ಇನ್ನೂ ಏನಾದರೂ ಆಸೆ ಇದೆಯೇ ಎಂದರೆ ಶಿವಕಾಂತಾ ಒಮ್ಮೆ ಆಕಾಶ ನೋಡುತ್ತಾರೆ.

"ಮಳಿಗಾಲಕ್ಕ ತಲಿ ಮ್ಯಾಲ ನಾಕು ತಗಡು ಆದ್ರ ಸಾಕ್ರಿ. ಬಾಗಲಾ ಮಾತ್ರ ಬ್ಯಾಡ."