ಆರು ತುಂಬಿದವರ ಕೋಣೆ

ಮಣಿಯಕ್ಕನಿಗೆ ಆ ಹೆಸರಿಟ್ಟವರು ಮಕ್ಕಳೇ. ತಂತಿಗೆ ಪೋಣಿಸಿದ ಮಣಿಗಳಲ್ಲಿ ಲೆಕ್ಕ ಹೇಳಿಕೊಡುವವಳಿಗೆ ಇನ್ನೇನು ಹೆಸರಿಟ್ಟಾರು? ಇಪ್ಪತ್ತೆರಡು ವರ್ಷದಿಂದ ಅದೇ ಮಾಂಟೆಸ್ಸೊರಿ ಶಾಲೆ, ಅವೇ ಮೊಣಕಾಲೆತ್ತರದ ಕಪಾಟುಗಳು, ಮೂರರಿಂದ ಆರು ವರ್ಷದ ಮಕ್ಕಳು. ಅಲ್ಲಿ ಬೆಂಚಿಲ್ಲ, ಬೆತ್ತವಿಲ್ಲ, ‘ಬಾಯ್ಮುಚ್ಚು’ ಎನ್ನುವವರಿಲ್ಲ. ಮಗು ತನಗೆ ಬೇಕಾದ್ದನ್ನು ತಾನೇ ಆರಿಸಿ ತರುತ್ತದೆ, ಚಾಪೆ ಹಾಸಿಕೊಳ್ಳುತ್ತದೆ, ಸಾಕೆನಿಸುವವರೆಗೆ ಮಾಡಿ, ತೆಗೆದ ಜಾಗದಲ್ಲೇ ಇಟ್ಟು ಬರುತ್ತದೆ.

ಆರು ತುಂಬಿತೋ, ಮುಗಿಯಿತು. ಸಮವಸ್ತ್ರ ಹೊಲಿಸಿ ದೊಡ್ಡ ಶಾಲೆಗೆ ಕಳಿಸಿಬಿಡುತ್ತಾರೆ. ಮಣಿಯಕ್ಕನ ಸಂಕಟವೇ ಅದು. ‘ಇದೇನು, ಇದೇನು’ ಎನ್ನುತ್ತಿದ್ದ ಮಗು ‘ಯಾಕೆ’ ಎನ್ನಲು ಶುರುಮಾಡುವುದೇ ಆರಕ್ಕೆ. ಆಗ ಕೈಬಿಡುವುದೆಂದರೆ ಈಜು ಕಲಿಸಿ ಕೆರೆ ಮುಚ್ಚಿದ ಹಾಗೆ. ‘ಶುರುಮಾಡಿದ್ದನ್ನ ಮುಗಿಸೋಕೂ ಬಿಡಲ್ಲವಲ್ಲ ಈ ಜನ’ ಎಂದು ವರ್ಷವರ್ಷವೂ ಗೊಣಗಿಕೊಂಡು, ಹೊಸ ಪುಟಾಣಿಗಳ ಮೂಗೊರೆಸಲು ಕೂರುತ್ತಿದ್ದಳು.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅದೇನು ಹಠ ಹೊಕ್ಕಿತೋ, ಆರರಿಂದ ಹನ್ನೆರಡರ ಮಕ್ಕಳಿಗೆ ಇದೇ ಪದ್ಧತಿಯಲ್ಲಿ ಕಲಿಸುವ ತರಬೇತಿಗೆ ಹೊರಟುಬಿಟ್ಟಳು. ಹತ್ತು ತಿಂಗಳು ಹಾಸ್ಟೆಲ್ಲು, ಮಗಳ ವಯಸ್ಸಿನ ಹುಡುಗಿಯರ ಜೊತೆ ಪಾಠ. ವಾಪಸು ಬಂದವಳೇ ಸಾಮಾನು ಮಾಡಲು ಕೂತಳು. ಗಂಡ ಬಡಗಿ. ಹಲಗೆ, ಪೆಟ್ಟಿಗೆ, ಕಪಾಟು ಎಲ್ಲ ಅವನದೇ ಕೈಕೆಲಸ. ಭೂಮಿ ಹುಟ್ಟಿದಾಗಿನಿಂದ ಇವತ್ತಿನವರೆಗಿನ ಕಾಲವನ್ನು ಮಕ್ಕಳಿಗೆ ತೋರಿಸಲು ಅವಳು ಮೂವತ್ತು ಮೀಟರ್ ಕಪ್ಪು ಬಟ್ಟೆ ಹೊಲಿದಳು. ಮನುಷ್ಯ ಬಂದಮೇಲಿನ ಕಾಲಕ್ಕೆ ತುದಿಯಲ್ಲೊಂದು ಕೆಂಪು ದಾರ.

“ಏನೇ ಇದು, ಇಷ್ಟುದ್ದ ಹೊಲಿದು ನಮಗೆ ಇಷ್ಟೇನಾ ಜಾಗ?” ಎಂದ ಗಂಡ.

“ಅಷ್ಟಕ್ಕೇ ನಿಮ್ಮ ಜಂಬ ನೋಡೋಕಾಗ್ತಿಲ್ಲ. ಸುಮ್ನೆ ಆ ತುದಿ ಹಿಡ್ಕೊಳ್ರೀ.”

ಶಾಲೆಯ ಕಾರ್ಯದರ್ಶಿಗಳು ಮಹಡಿಯ ಖಾಲಿ ಕೋಣೆ ಕೊಡಲು ಒಪ್ಪಿದರು. ಒಂದೇ ಷರತ್ತು: ಆರು ತುಂಬಿದ ಎಂಟು ಮಕ್ಕಳಾದರೂ ಉಳಿಯಬೇಕು. ಇಲ್ಲದಿದ್ದರೆ ಕೋಣೆ ಹೊಲಿಗೆ ತರಗತಿಗೆ. ಮಣಿಯಕ್ಕ ಮನೆಮನೆ ತಿರುಗಿ, ಗಂಟಲು ಹರಿಯುವಂತೆ ಮಾತಾಡಿ, ಸರಿಯಾಗಿ ಎಂಟು ಮನೆಯವರನ್ನು ಒಪ್ಪಿಸಿದಳು. ಒಂಬತ್ತನೆಯವರು ಸಿಗಲಿಲ್ಲ. ಆ ಎಂಟರಲ್ಲಿ ಏಳು ಮನೆಯವರು ಔಷಧಿ ಅಂಗಡಿಯ ಯಜಮಾನರ ಮುಖ ನೋಡಿ ಹೂಂ ಎಂದವರು. ಅವರ ಮಗಳು ಎಲ್ಲದಕ್ಕೂ ವಾದಕ್ಕೆ ನಿಲ್ಲುವ ಹುಡುಗಿ. ಶಾಲೆಯಲ್ಲಿ ಅವಳ ಹೆಸರೇ ಲಾಯರಮ್ಮ.

ಕೊನೆಯದಾಗಿ ಒಂದು ಶನಿವಾರ ಎಂಟೂ ಮನೆಯವರು ಮಕ್ಕಳ ಕೆಲಸ ನೋಡಲು ಬಂದರು. ದೊಡ್ಡವರು ಗೋಡೆಗೊರಗಿ ಸಣ್ಣ ಕುರ್ಚಿಗಳಲ್ಲಿ ಮುದುಡಿ ಕೂತರು. ಔಷಧಿ ಅಂಗಡಿಯವರಿಗೆ ಉಮೇದು ಬಂತು. “ಏಳೆಂಟ್ಲ ಎಷ್ಟಮ್ಮ? ಹೇಳು, ಎಲ್ಲರೂ ಕೇಳಲಿ” ಎಂದರು ಮಗಳಿಗೆ.

“ತಾಳಪ್ಪ” ಎಂದು ಲಾಯರಮ್ಮ ಎದ್ದಳು. ಚಾಪೆ ತಂದು ಹಾಸಿದಳು. ಅಂಚು ನೆಟ್ಟಗಾಗಲಿಲ್ಲವೆಂದು ಮತ್ತೆ ಹಾಸಿದಳು. ಎಂಟು ಮಣಿಗಳ ಕಂದು ಕಡ್ಡಿಗಳನ್ನು ಒಂದೊಂದಾಗಿ ತಂದು ಏಳು ಸಾಲು ಜೋಡಿಸಿದಳು. ಪಕ್ಕದಲ್ಲಿ ಕೂತಿದ್ದ ಯಾರೋ ಕಿಸಕ್ಕೆಂದರು. ಅಪ್ಪನ ಕಿವಿ ಕೆಂಪಾಯಿತು.

“ಅಷ್ಟೂ ಬಾಯಲ್ಲಿ ಬರಲ್ವೇನೇ? ಐವತ್ತ...”

ಅಷ್ಟರಲ್ಲಿ ಮಣಿಯಕ್ಕ ಅಂಗೈ ಎತ್ತಿ ಅವರನ್ನು ತಡೆದುಬಿಟ್ಟಳು. “ಮಗು ಕೆಲಸದಲ್ಲಿದೆ. ದಯವಿಟ್ಟು ಸುಮ್ನಿರಿ.”

ಇಪ್ಪತ್ತೆರಡು ವರ್ಷದ ಅಭ್ಯಾಸ ಅದು. ಕೆಲಸದಲ್ಲಿರುವ ಮಗುವಿಗೆ ದೇವರು ಬಂದರೂ ಅಡ್ಡ ಬರಬಾರದು! ಆದರೆ ನಾಲ್ಕು ಜನರೆದುರು ಒಬ್ಬ ಗಂಡಸಿನ ಬಾಯಿ ಮುಚ್ಚಿಸಿದೆನೆಂದು ಅವಳಿಗೆ ಹೊಳೆಯಲೇ ಇಲ್ಲ. ಅವಳ ಕಣ್ಣೆಲ್ಲ ಚಾಪೆಯ ಮೇಲೆ. ಲಾಯರಮ್ಮ ಐವತ್ತಾರು ಎಣಿಸಿ, ತಲೆ ವಾರೆ ಮಾಡಿ, ಎದ್ದು ಚಾಪೆಯ ಇನ್ನೊಂದು ಬದಿಗೆ ಹೋಗಿ ನಿಂತಳು. “ಅಕ್ಕಾ, ಈ ಕಡೆಯಿಂದ ನೋಡಿದ್ರೆ ಇದು ಎಂಟು ಸಲ ಏಳು! ಅದೂ ಐವತ್ತಾರೇ. ಯಾಕೆ?”

ಯಾರೂ ಹೇಳಿಕೊಡದೆ ತಾನೇ ಕಂಡದ್ದು. ಮಣಿಯಕ್ಕನಿಗೆ ಕಣ್ಣು ತುಂಬಿ ಬಂತು. ಇದಕ್ಕಲ್ಲವೇ ಮಹಡಿಯ ಕೋಣೆ ಬೇಕಾದದ್ದು! ‘ನೋಡಿದಿರಾ’ ಎಂದು ತಲೆಯೆತ್ತಿದರೆ ಔಷಧಿ ಅಂಗಡಿಯವರ ಕುರ್ಚಿ ಖಾಲಿ. ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು.

ಮಾರನೆಯ ದಿನವೇ ಅವರ ಅಂಗಡಿಗೆ ಓಡಿದಳು. “ತಪ್ಪಾಯ್ತಣ್ಣ. ನಾನು ಹಾಗೆ ಮಾಡ್ಬಾರದಿತ್ತು. ಮಗೂನ ಮಾತ್ರ ಬಿಡಿಸ್ಬೇಡಿ.”

ಅವರು ರೇಗಲಿಲ್ಲ. ರೇಗಿದ್ದರೆ ಎಷ್ಟೋ ವಾಸಿಯಿತ್ತು. “ನಿಮ್ಮ ಮೇಲೆ ಬೇಜಾರಿಲ್ಲ, ಅಕ್ಕ. ಆದ್ರೆ ಒಂದು ಹೇಳಿ. ನಾಳೆ ಪರೀಕ್ಷೆ ಹಾಲ್‌ನಲ್ಲಿ ಇವಳಿಗೆ ಚಾಪೆ ಹಾಸೋಕೆ ಬಿಡ್ತಾರಾ?”

ಹನ್ನೆರಡಾಗುವಷ್ಟರಲ್ಲಿ ಚಾಪೆಯೂ ಬೇಡ, ಮಣಿಯೂ ಬೇಡ, ಎಲ್ಲ ತಲೆಯಲ್ಲೇ ಕೂತಿರುತ್ತದೆ ಎಂದು ಹೇಳಬೇಕಿತ್ತು. ಹಾಗೆ ಹನ್ನೆರಡಾದ ಒಂದು ಮಗುವನ್ನಾದರೂ ತೋರಿಸಲು ಅವಳ ಬಳಿ ಎಲ್ಲಿತ್ತು? ಆರಕ್ಕೇ ಎಲ್ಲರೂ ಕಿತ್ತುಕೊಂಡು ಹೋಗಿದ್ದರಲ್ಲ. ಯಾರ ಮೇಲೆ ಸಿಟ್ಟಾಗುವುದು, ಹೇಳಿ? ಅಂಗಡಿಯ ಮೆಟ್ಟಿಲಿಳಿದಳು.

ವಾರದಲ್ಲಿ ಉಳಿದ ಏಳು ಮನೆಯವರೂ ಒಂದೊಂದು ನೆಪ ಹೇಳಿ ಜಾರಿಕೊಂಡರು. ಮಹಡಿಗೆ ಹೊಲಿಗೆ ಯಂತ್ರಗಳು ಹತ್ತಿದವು. ಗಂಡ ತಾನೇ ಮಾಡಿದ ಕಪಾಟುಗಳನ್ನು ಬಿಚ್ಚಿ ಮನೆಗೆ ಸಾಗಿಸಿದ. ತಮಾಷೆ ಮಾಡಲಿಲ್ಲವಲ್ಲ ಎಂದೇ ಅವಳಿಗೆ ಅಳು ಬಂತು.

ಏಳು ತಿಂಗಳ ಮೇಲೆ ಲಾಯರಮ್ಮನ ತಾಯಿ ಚಿಕ್ಕ ಮಗಳನ್ನು ಸೇರಿಸಲು ಬಂದರು. ಅವರು ಆಫೀಸಿನಲ್ಲಿ ಅರ್ಜಿ ತುಂಬುತ್ತಿದ್ದಾಗ ಲಾಯರಮ್ಮ ಮಣಿಯಕ್ಕನ ಬಾಗಿಲಲ್ಲಿ ನಿಂತಿದ್ದಳು. ಸಮವಸ್ತ್ರ, ಪಾಲಿಶ್ ಮಾಡಿದ ಬೂಟು, ಕೊರಳಲ್ಲಿ ಗುರುತಿನ ಚೀಟಿ.

“ಒಳಗೆ ಬರಬಹುದಾ, ಮಿಸ್?”

“ಅಯ್ಯೋ ನನ್ನ ಬಂಗಾರ, ಇದೇನು ಕೇಳ್ತೀಯ! ಬಾ, ನಿಂದೇ ಕೋಣೆ. ಏನ್ ಬೇಕೋ ತಗೊಂಡು ಮಾಡು.”

ಮಗು ಒಳಗೆ ಬಂದು ಕಪಾಟುಗಳ ಮಧ್ಯೆ ನಿಂತಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಕೈ ಮುಂದೆ ಬರಲಿಲ್ಲ.

“ಏನ್ ಮಾಡ್ಬೇಕು, ಮಿಸ್?”

“ನಿಂಗೇನಿಷ್ಟವೋ ಅದು, ಪುಟ್ಟಾ.”

ಲಾಯರಮ್ಮನ ಮುಖ ಕಳೆಗುಂದಿತು. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೇನೋ ಎಂಬಂತೆ ತುಟಿ ನಡುಗಿತು. ಇನ್ನೇನು ಅತ್ತೇಬಿಡುತ್ತಾಳೆ ಎಂದು ಮಣಿಯಕ್ಕನಿಗೆ ಗಾಬರಿಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಯಾವ ಮಗುವಿಗೂ ಹೇಳದಿದ್ದ ಮಾತು ಬಾಯಿಂದ ಬಂತು.

“ಅಲ್ಲಿ ಸುಮ್ನೆ ಕೂತ್ಕೋ.”

ಮಗುವಿಗೆ ಹೋದ ಉಸಿರು ಬಂದಂತಾಯಿತು. ತೋರಿಸಿದ ಜಾಗದಲ್ಲಿ ನೆಟ್ಟಗೆ ಕೂತು ಕೈಕಟ್ಟಿಕೊಂಡಿತು. ತಾಯಿ ಬಂದು ಕರೆಯುವವರೆಗೂ ಅಲ್ಲಾಡಲಿಲ್ಲ.