ಕೆನ್ನೆಗೆ ತಾಗಿದ ಹೊಟ್ಟು

ನಮ್ಮ ಅತ್ತೆಯ ಎಡಗೆನ್ನೆಯ ಮೇಲೆ ಯಾವಾಗಲೂ ಚೂರುಪಾರು ಭತ್ತದ ಹೊಟ್ಟು ಅಂಟಿಕೊಂಡಿರುತ್ತಿತ್ತು. ಕೋಳಿಮರಿಗಳಿಗೆ ಹಾಸುವ ಹೊಟ್ಟು ಒಣಗಿದೆಯೋ ಇಲ್ಲವೋ ಎಂದು ಅವರು ಕೈಯಿಂದ ಮುಟ್ಟಿ ನೋಡುವವರಲ್ಲ. ಮಂಡಿಯೂರಿ, ಅದರ ಮೇಲೆ ಕೆನ್ನೆಯಿಟ್ಟೇ ನೋಡಬೇಕು. “ಅಂಗೈ ದಡ್ಡುಗಟ್ಟೈತಿ. ಕೆನ್ನಿಗಾದ್ರ ತೇವ ತಿಳಿತೈತಿ,” ಎನ್ನುತ್ತಿದ್ದರು. ಮದುವೆಯಾಗಿ ಕಡ್ಡಿರಾಂಪುರಕ್ಕೆ ಬಂದ ಹೊಸದರಲ್ಲಿ ಇದನ್ನು ಕಂಡು ನಗು ತಡೆಯುವುದೇ ನನಗೆ ಕಷ್ಟವಾಗಿತ್ತು.

ಅವರು ಒಂದು ಕಡೆ ಕುಳಿತದ್ದೇ ಕಡಿಮೆ. ಉಣ್ಣುತ್ತಿದ್ದವರು ನಡುವೆಯೇ ಎದ್ದು ಕೋಳಿ ಶೆಡ್ಡಿಗೆ ಹೋಗಿ ಬರುತ್ತಿದ್ದರು. ಒಂದು ಮಳೆಗಾಲ ಮರಿಗಳೆಲ್ಲ ಹಸಿ ಹೊಟ್ಟಿನ ಮೇಲೆ ಶೀತ ಹತ್ತಿ ಸತ್ತವು. ಆಮೇಲಂತೂ ಅವರ ಚಡಪಡಿಕೆ ನನಗೂ ಅಂಟಿತು. “ಈ ಸಲಾನೂ ಸತ್ರ ಶೆಡ್ ಕಿತ್ತು ಹಾಕ್ತೀನಿ ನೋಡಬೇ,” ಎಂದು ನನ್ನ ಗಂಡ ತಮ್ಮ ಅವ್ವನಿಗೆ ಹೇಳಿಬಿಟ್ಟಿದ್ದರು. ಶೆಡ್ಡಿಲ್ಲದ ಅತ್ತೆಯನ್ನು ನೆನೆಸಿಕೊಂಡರೆ ನನಗೆ ಹೆದರಿಕೆಯಾಗುತ್ತಿತ್ತು.

ಹೊಸ ಮರಿ ಬರುವ ದಿನ, ಕಮಲಾಪುರದ ಮಿಲ್ಲಿನಿಂದ ತರಿಸಿದ ಚೀಲ ಬಿಚ್ಚಿದರೆ ಹೊಟ್ಟು ಪೂರ್ತಿ ತೇವ!

“ಪೇಪರ್ ಹಾಸೋಣೇನ್ರಿ ಅತ್ತಿ?” ಎಂದೆ.

“ಜಾರಿ ಕಾಲು ಸೊಟ್ಟ ಆಗ್ತಾವ.”

“ಬಡಿಗ್ಯಾರ ಮನ್ಯಾಗಿನ ಕಟಗಿ ಪುಡಿ?”

“ಕಾಳಂತ ತಿಂದು ಸಾಯ್ತಾವ. ಜಲ್ದಿ ಬುಟ್ಟಿ ತಗೊಂಬಾ.”

ಹಂಪಿಗೆ ಹೋಗುವ ಡಾಂಬರು ರಸ್ತೆಯಲ್ಲೇ, ಅರ್ಧದವರೆಗೆ ಹೊಟ್ಟನ್ನು ಬಿಸಿಲಿಗೆ ಹರವಿಬಿಟ್ಟರು. ಪ್ರವಾಸಿಗರ ಕಾರುಗಳು ಹಾರ್ನ್ ಹೊಡೆದೇ ಹೊಡೆದವು. ಅತ್ತೆ ಕಸಬರಿಗೆ ಎತ್ತಿ ಹಿಡಿದು, “ಹಂಪಿ ಎಲ್ಲಿಗೂ ಓಡಿ ಹೋಗಂಗಿಲ್ಲ, ಆ ಕಡಿಂದ ಹೋಗ್ರಿ!” ಎಂದು ಗದರುತ್ತಿದ್ದರು. ನಾನು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮರೆಸಿಕೊಂಡು ಹೊಟ್ಟು ತಿರುವುತ್ತಿದ್ದೆ. ಮೋಡ ಕಂಡರೂ ಭಯ, ಗಾಳಿ ಬೀಸಿದರೂ ಭಯ.

ಶೆಡ್ಡಿನಲ್ಲಿ ಆ ಹೊಟ್ಟನ್ನು ಹಾಸುತ್ತಿರುವಾಗಲೇ ಮರಿಗಳ ಆಟೋ ಬಂತು. “ಇಳಸ್ಲೇನ್ರಿ?” ಎಂದ ಡ್ರೈವರಿಗೆ ಅತ್ತೆ, “ನಿಂದ್ರಪಾ,” ಎಂದರು. ತಾವು ಕೆನ್ನೆಯಿಟ್ಟು ನೋಡಿದರು. ಅಷ್ಟಕ್ಕೂ ನಂಬಿಕೆಯಾಗದೆ, “ನೀನೂ ನೋಡವಾ,” ಎಂದು ನನ್ನನ್ನು ಬಗ್ಗಿಸಿದರು. ಹೊಟ್ಟು ಬೆಚ್ಚಗಿತ್ತು, ಸ್ವಲ್ಪ ಚುಚ್ಚಿತು.

“ಒಣಗೈತ್ರಿ,” ಎಂದೆ. ಆಮೇಲೆಯೇ ಮರಿಗಳನ್ನು ಇಳಿಸಿದರು. ಮರಿಗಳು ಉಳಿದವು, ಶೆಡ್ಡೂ ಉಳಿಯಿತು.

ಹೋದ ವರ್ಷ ಲಕ್ವ ಹೊಡೆದು ಅವರು ಹಾಸಿಗೆ ಹಿಡಿದರು. ಕಣ್ಣು ಮಾತ್ರ ಶೆಡ್ಡಿನ ಕಡೆಗೇ ಓಡುತ್ತಿತ್ತು. ಅವರ ಹಾಸಿಗೆಯ ಬಟ್ಟೆ ಬದಲಿಸಿದಾಗಲೆಲ್ಲ ನಾನು ಅವರೆದುರೇ ಬಗ್ಗಿ ಅದಕ್ಕೆ ಕೆನ್ನೆಯಿಟ್ಟು, “ಒಣಗೈತ್ರಿ ಅತ್ತಿ,” ಎನ್ನುತ್ತಿದ್ದೆ. ಅದನ್ನು ಕೇಳಿದ ಮೇಲೆ ತುಸು ಹೊತ್ತು ಸುಮ್ಮನೆ ಮಲಗುತ್ತಿದ್ದರು.

ಅವರು ತೀರಿಕೊಂಡ ದಿನ ಮಳೆ ಹಿಡಿದಿತ್ತು. ಯಾರೋ ಹಿತ್ತಲಿನಿಂದ ಚಾಪೆ ತಂದು ಪಡಸಾಲೆಯಲ್ಲಿ ಹಾಸಿದರು. ಅತ್ತೆಯನ್ನು ಎತ್ತಿಕೊಂಡು ಬಂದವರಿಗೆ, “ನಿಂದರ್ರಿ!” ಎಂದೆ. ನೆಂಟರೆಲ್ಲ ನೋಡುತ್ತಿದ್ದಂತೆಯೇ ಮಂಡಿಯೂರಿ ಚಾಪೆಗೆ ಕೆನ್ನೆಯಿಟ್ಟೆ.

ಹಸಿಯಾಗಿತ್ತು. ಒಳಗಿನಿಂದ ಬೇರೆ ಚಾಪೆ ತರಿಸಿದೆ.