ಹಿಂದಿನ ಸೀಟಿನ ಕೆಳಗಿನ ಸದ್ದು

ಆಗೆಲ್ಲ ರಾಜಾಜಿನಗರದ ನಮ್ಮ ಬೀದಿಯಲ್ಲಿ ಕಾರು ಇದ್ದದ್ದು ಎರಡೇ ಮನೆಯಲ್ಲಿ. ಸಂಜೆ ಕುಂಟೆಬಿಲ್ಲೆ ಆಡುತ್ತಿದ್ದ ನಾವು ತಲೆ ಎತ್ತದೆಯೇ, ಬರೀ ಸದ್ದಿನಿಂದ, ತಿರುವಿಗೆ ಬಂದದ್ದು ಯಾರ ಕಾರು ಎಂದು ಹೇಳಿಬಿಡುತ್ತಿದ್ದೆವು. ನಮ್ಮದು ಬೂದಿ ಬಣ್ಣದ ಹಳೇ ಕಾರು. ಅಪ್ಪನ ಕಾರ್ಖಾನೆಯ ಸಾಹೇಬರೊಬ್ಬರು ರಿಟೈರಾಗಿ ಊರಿಗೆ ಹೋಗುವಾಗ ಬಿಟ್ಟುಕೊಟ್ಟದ್ದು. ಬಾಗಿಲು ತೆಗೆದರೆ ರೆಕ್ಸಿನ್, ಪೆಟ್ರೋಲು, ಅಪ್ಪನ ನಶ್ಯ ಮೂರೂ ಬೆರೆತ ವಾಸನೆ. ನೆನೆಸಿಕೊಂಡರೆ ನನಗೆ ಇವತ್ತಿಗೂ ಭಾನುವಾರ ಅನ್ನಿಸುತ್ತದೆ.

ನನಗೆ ಹತ್ತು ವರ್ಷ ತುಂಬಿದ್ದ ದಸರಾ. ಆಯುಧಪೂಜೆಯ ಹಿಂದಿನ ದಿನ ಅಪ್ಪ ಪಂಚೆ ಎತ್ತಿಕಟ್ಟಿ ಕಾರು ತೊಳೆಯಲು ನಿಂತರು. ಬೀದಿಯವರೆಲ್ಲ ಸ್ಕೂಟರು, ಸೈಕಲ್ಲುಗಳನ್ನು ಮೇಲಿಂದ ತಿಕ್ಕುತ್ತಿದ್ದರೆ ಅಪ್ಪನಿಗೆ ಅಷ್ಟಕ್ಕೆ ಸಮಾಧಾನವಿಲ್ಲ.

"ಪೂಜೆಗೆ ನಿಲ್ಸೋದು ಅಂದ್ಮೇಲೆ ಹೊಟ್ಟೆ ಕೆಳಗೂ ಕ್ಲೀನಾಗಿರ್ಬೇಕು ಕಣಮ್ಮ."

ಕಾರಿನ ಹಿಂಭಾಗ ಜಾಕಿನ ಮೇಲೇರಿತು, ಕೆಳಗೆ ಮರದ ದಿಮ್ಮಿಗಳು ಬಂದವು. ಸೊಳ್ಳೆ ಔಷಧಿ ಹೊಡೆಯುವ ಪಂಪಿಗೆ ಸೀಮೆಎಣ್ಣೆ ತುಂಬಿ ಅಪ್ಪ ಅಡಿಯೆಲ್ಲ ಪಿಚಕ್ ಪಿಚಕ್ ಎಂದು ಹೊಡೆದರು. ಸಣ್ಣಗಿದ್ದ ನಾನು ಹಳೇ ಬನಿಯನ್ ಬಟ್ಟೆ ಹಿಡಿದು ಒಳಗೆ ತೂರಿ, ಕಪ್ಪು ಬೆಣ್ಣೆಯಂಥದ್ದನ್ನು ಎಲ್ಲೆಲ್ಲಿ ಕೈಗೆ ಸಿಕ್ಕಿತೋ ಅಲ್ಲೆಲ್ಲ ಒರೆಸಿದೆ. ಕೊನೆಗೆ ಪೈಪಿನಲ್ಲಿ ನೀರು. ಅಡಿಯ ಕಬ್ಬಿಣ ಪೂಜೆಯ ಪಾತ್ರೆಯ ಹಾಗೆ ಹೊಳೆಯಿತು. ಮಾರನೇ ದಿನ ಅರಿಶಿನ, ಕುಂಕುಮ, ಬಾಳೆಕಂದು, ಚಕ್ರಕ್ಕೆ ನಿಂಬೆಹಣ್ಣು. ಬೂದುಗುಂಬಳ ಒಡೆದದ್ದೇ ಬೀದಿಗೆಲ್ಲ ಕಡ್ಲೆಪುರಿ ಹಂಚಿದೆವು.

ಅದರ ಮಾರನೇ ದಿನ ವಿಜಯದಶಮಿ. ಕಾಫಿ ಕೊಡುತ್ತ ಅಮ್ಮ ಮೆಲ್ಲಗೆ ಕೇಳಿದಳು. "ಇವತ್ತು ಏನು ಕಲಿಯೋಕೆ ಶುರು ಮಾಡಿದ್ರೂ ಕೈಗೆ ಹತ್ತುತ್ತೆ ಅಂತಾರಲ್ಲ. ನಂಗೂ ಕಾರು ಹೇಳಿಕೊಡ್ತೀರೇನ್ರೀ?"

ಹಬ್ಬದ ಹುರುಪಿನಲ್ಲಿದ್ದ ಅಪ್ಪ ಹೂಂ ಅಂದುಬಿಟ್ಟರು. ಅಮ್ಮ ಸೀರೆಯ ಕೆಳಗೆ ತೊಡಲು ಬಿಳಿ ಕ್ಯಾನ್ವಾಸ್ ಶೂಸು ಮೊದಲೇ ತಂದಿಟ್ಟಿದ್ದಳು! ಬೆಳಿಗ್ಗೆ ಬೆಳಿಗ್ಗೆ ಬಸವೇಶ್ವರನಗರದ ಆಚೆ ಸೈಟುಗಳಿಗೆ ಬರೀ ಕಲ್ಲು ನೆಟ್ಟಿದ್ದ ಖಾಲಿ ರಸ್ತೆಗೆ ಹೋಗುತ್ತಿದ್ದೆವು. ಕಾರು ಎರಡು ಸಲ ಜಗ್ಗಿ ನಿಂತರೂ ಮೂರನೇ ಸಲಕ್ಕೆ ಹೊರಟಾಗ ಕನ್ನಡಿಯಲ್ಲಿ ಕಂಡ ಅಮ್ಮನ ಮುಖ ನಾನು ಅಡುಗೆಮನೆಯಲ್ಲಿ ಯಾವತ್ತೂ ನೋಡಿರದ ಮುಖ. ಎದುರು ಮನೆಯ ಪದ್ಮಾ ಆಂಟಿ, "ಏನ್ರೀ ಡ್ರೈವರಮ್ಮ, ನಮ್ಮನ್ನ ಕೆಂಗೇರಿಗೆ ಯಾವಾಗ ಕರ್ಕೊಂಡು ಹೋಗ್ತೀರಿ?" ಎಂದು ರೇಗಿಸಿದರೆ, "ಡೀಸೆಂಟಾಗಿ ರೆಡಿಯಾಗಿರಿ, ಹೇಳಿ ಕಳಿಸ್ತೀನಿ," ಎನ್ನುತ್ತಿದ್ದಳು.

ವಾರ ಕಳೆಯುವುದರೊಳಗೆ ಸದ್ದು ಶುರುವಾಯಿತು. ಮೆಲ್ಲಗೆ ಹೋದರೆ ಗುಬ್ಬಿಮರಿಯಂತೆ ಕಿಚಿಕಿಚಿ. ನಿಂತ ಕಾರು ಹೊರಟರೆ ಒಂದು ಟಕ್.

ಅಪ್ಪ ಮೊದಲು ಡಿಕ್ಕಿಯಲ್ಲಿದ್ದ ಜಾಕಿಗೆ ಗೋಣಿ ಸುತ್ತಿದರು. ನಂಬರ್ ಪ್ಲೇಟು ಬಿಗಿ ಮಾಡಿದರು. ಬಾಗಿಲುಗಳ ಕೀಲಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟರು. ಸದ್ದು ಹೋಗಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಗಾಡಿ ಎತ್ತಿದಾಗ ಟಕ್ಕೆಂದದ್ದೇ ಅಪ್ಪ ಸಿಡುಕಿದರು.

"ಕ್ಲಚ್ಚನ್ನ ಹಂಗೆ ಧಡಕ್ಕಂತ ಬಿಟ್ರೆ ಇನ್ನೇನಾಗುತ್ತೆ? ಇಷ್ಟು ವರ್ಷ ನಾನು ಓಡಿಸ್ಲಿಲ್ವಾ, ಒಂದು ಸದ್ದಿತ್ತಾ?"

ಅಮ್ಮ ಇಳಿದು ಆಚೆ ಕಡೆಯಿಂದ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಮನೆಗೆ ಹೋಗಿ ಶೂಸನ್ನು ತೊಳೆದು, ಒಣಗಿಸಿ, ಪೇಪರು ಸುತ್ತಿ ಅಟ್ಟಕ್ಕೆ ಹಾಕಿದಳು. ತೊಳೆಯುವಷ್ಟು ಕೊಳೆ ಅದರಲ್ಲಿರಲಿಲ್ಲ.

ನನಗೆ ಒಂದು ವಿಷಯ ಗೊತ್ತಿತ್ತು. ಹಿಂದಿನ ಸೀಟಿನ ಮುಂದೆ ನೆಲದ ನಡುವೆ ಉದ್ದಕ್ಕೂ ಒಂದು ದಿಬ್ಬ ಇರುತ್ತಿತ್ತಲ್ಲ, ನಾನು ಕಾಲಿಡುತ್ತಿದ್ದದ್ದು ಅದರ ಮೇಲೆ. ಅಮ್ಮ ಓಡಿಸುವುದನ್ನು ಬಿಟ್ಟ ಮೇಲೂ, ಅಪ್ಪನೇ ಎಷ್ಟು ಹುಷಾರಾಗಿ ಎತ್ತಿದರೂ, ಆ ಟಕ್ ನನ್ನ ಹಿಮ್ಮಡಿಗೆ ತಾಗುತ್ತಿತ್ತು. ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲೆಂದು ಅಪ್ಪ ಇಂಜಿನ್ ನಿಲ್ಲಿಸಿದರೂ ಕಿಚಿಕಿಚಿ ನಿಲ್ಲದು, ಚಕ್ರ ನಿಂತರೆ ಮಾತ್ರ ನಿಲ್ಲುವುದು. ಹೇಳಲಿಲ್ಲ. ಕೇಳದೆ ದೊಡ್ಡವರ ಮಧ್ಯೆ ಬಾಯಿ ಹಾಕಬಾರದೆಂದು ನಮ್ಮ ಸ್ಕೂಲಿನ ಸಿಸ್ಟರುಗಳು ಕಲಿಸಿದ್ದರು, ನಾನು ಬಹಳ ಒಳ್ಳೆಯ ಹುಡುಗಿ.

ಕೊನೆಗೊಂದು ಶನಿವಾರ ಮೂವರೂ ವಿಜಯನಗರದ ಮುನಿಸ್ವಾಮಿಯ ಗ್ಯಾರೇಜಿಗೆ ಹೋದೆವು. ಗ್ಯಾರೇಜು ಅಂದರೆ ಒಂದು ಹೊಂಗೆಮರ, ತಗಡಿನ ಮಾಡು, ನೆಲದಲ್ಲೊಂದು ಗುಂಡಿ. ಮುನಿಸ್ವಾಮಿ ಬೀಡಿ ಆರಿಸಿ, "ಸದ್ದು ಎಲ್ಲಿಂದ ಬರ್ತೈತೆ ಸಾರ್?" ಅಂದ.

"ಮುಂದೆ. ಕ್ಲಚ್ಚು. ಇವಳು ಕಲಿಯೋಕೆ ಹೋಗಿ..."

"ನನಗೇನೂ ಗೊತ್ತಾಗಲ್ಲಪ್ಪ," ಎಂದು ಅಮ್ಮ ಮರದ ಕಡೆ ನೋಡಿದಳು.

ಮುನಿಸ್ವಾಮಿ ನನ್ನ ಕಡೆ ತಿರುಗಿದ. "ಹಿಂದೆ ಕೂತ್ಕೊಳ್ಳೋದು ನೀನೇ ಅಲ್ವಾ ಪಾಪಾ? ನೀನು ಹೇಳು."

ಕೇಳಿದರು ಎಂದ ಮೇಲೆ ಹೇಳಬಹುದಲ್ಲ. "ನನ್ನ ಕಾಲ ಕೆಳಗೆ," ಅಂದೆ. "ಅಪ್ಪ ಓಡಿಸಿದ್ರೂ ಬರುತ್ತೆ. ಇಂಜಿನ್ ಆಫ್ ಮಾಡಿದ್ರೂ ಬರುತ್ತೆ."

ಅಪ್ಪ ನನ್ನನ್ನೇ ನೋಡಿದರು. ಮುನಿಸ್ವಾಮಿ ಕಾರನ್ನು ಗುಂಡಿಯ ಮೇಲೆ ತಂದು ಕೆಳಗಿಳಿದ. ನನ್ನ ದಿಬ್ಬದ ಅಡಿಯಲ್ಲೇ ಗೇರಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಟಕ್. ಟಕ್. ಅದೇ!

"ಬನ್ನಿ ಸಾರ್, ನೋಡಿ."

ನಾವೂ ಬಗ್ಗಿದೆವು. ಶಾಫ್ಟಿನ ಹಿಂತುದಿಯ ಕೀಲಿನ ಸುತ್ತ ಕೆಂಪಗೆ ಪುಡಿ.

"ಪೂಜೆ ಕುಂಕುಮ," ಅಂದರು ಅಪ್ಪ.

"ಕುಂಕುಮ ಅಲ್ಲ ಸಾರ್, ತುಕ್ಕು. ಈ ಕೀಲೊಳಗಿರೋ ಕ್ರಾಸ್ ಒಣಗಿ ತನ್ನನ್ನ ತಾನೇ ತಿಂದ್ಕೊಂಡೈತೆ." ಬೆರಳಿನಿಂದ ಒರೆಸಿ ತೋರಿಸಿದ. "ಒಂದು ಚೂರು ಗ್ರೀಸಿಲ್ಲ. ಹಳೇ ಗಾಡಿಗೆ ಅಡೀಲಿರೋ ಗ್ರೀಸೇ ಸಾರ್ ಜೀವ. ಸೀಮೆಎಣ್ಣೆ ಹಾಕಿ ಯಾರು ತೊಳ್ದಿದ್ದು ಇದನ್ನ? ಒಳಗೆ ನೀರು ಬೇರೆ ನಿಂತೈತೆ. ಮೇಡಂ ಕ್ಲಚ್ಚಿಗೂ ಇದಕ್ಕೂ ಸಂಬಂಧಾನೇ ಇಲ್ಲ."

ಕೈಯಲ್ಲಿ ಇನ್ನೂ ಬನಿಯನ್ ಬಟ್ಟೆ ಹಿಡಿದಿದ್ದೇನೋ ಎಂಬಂತೆ ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ.

"ನಾನೇ," ಅಂದರು ಅಪ್ಪ. ನನ್ನ ಹೆಸರು ಎತ್ತಲೇ ಇಲ್ಲ.

ಹೊಸ ಕ್ರಾಸ್ ಹಾಕಿ, ಗ್ರೀಸ್ ತುಂಬಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಪ್ಪ ಕೀ ತೆಗೆದುಕೊಂಡರು. ಡ್ರೈವರ್ ಬಾಗಿಲಿನ ತನಕ ಹೋದವರು ಅದನ್ನು ತೆರೆದಿಟ್ಟು, ಸುತ್ತಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು. ಕೀ ಡ್ಯಾಶ್‌ಬೋರ್ಡಿನ ಮೇಲಿಟ್ಟರು.

"ಏನ್ರೀ ಇದು?" ಅಂದಳು ಅಮ್ಮ.

"ಹೊತ್ತಾಯ್ತು. ನಡಿ."

"ಶೂಸು ಮನೇಲಿದೆ."

"ಬರಿಗಾಲಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತೆ, ಬಾ."

ತಪ್ಪಾಯಿತು ಎನ್ನುವ ಮಾತು ಅಪ್ಪನ ಬಾಯಲ್ಲಿ ನಾನು ಎಂದೂ ಕೇಳಲಿಲ್ಲ. ಆವತ್ತಿನದೇ ಅದರ ಅತಿ ಹತ್ತಿರದ ಮಾತು.

ಅಮ್ಮ ಆಮೇಲೆ ಆ ಕಾರು ಗುಜರಿಗೆ ಹೋಗುವ ತನಕ ಓಡಿಸಿದಳು. ಪದ್ಮಾ ಆಂಟಿಯನ್ನು ಕೆಂಗೇರಿಗೂ ಕರೆದುಕೊಂಡು ಹೋದಳು. ಈಗ ಇಬ್ಬರೂ ಇಲ್ಲ, ಅಪ್ಪನೂ ಇಲ್ಲ. ನನ್ನ ಕಾರಿಗೆ ಏನಾದರೂ ಆದರೆ ಮುಂದೊಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಎಲ್ಲಿಂದ ಸದ್ದು ಎಂದು ಯಾರನ್ನೂ ಕೇಳಬೇಕಿಲ್ಲ. ಹಿಂದಿನ ಸೀಟಿನ ಮುಂದೆ ನೆಲ ಸಪಾಟು. ಕಾಲಿಡಲು ದಿಬ್ಬವಿಲ್ಲ.

ಆ ಸಂಜೆ ಹೊರಡುವ ಮುಂಚೆ ಅಮ್ಮ ಹವಾಯಿ ಚಪ್ಪಲಿ ಕಳಚಿ ಹಿಂದೆ ಚಾಚಿದ್ದಳು. "ಹಿಡ್ಕೋ ಪುಟ್ಟಿ." ಮನೆ ಬರುವ ತನಕ ಅವನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿ ದಿಬ್ಬಕ್ಕೆ ಒತ್ತಿ, ಕಾಯುತ್ತ ಕೂತಿದ್ದೆ. ಏನೂ ತಾಗಲಿಲ್ಲ.